ಹೂಮಳೆಯನ್ನು ಕೊಳವೆಗೆ ಇಳಿಸಿದವರು

ಕೊಡಗಿನ ಅಮ್ಮತ್ತಿ ಸೀಮೆಯ ಕಾಫಿ ತೋಟಗಳಲ್ಲಿ ಮಳೆ ಇಂದಿಗೂ ಇಂಚು, ಸೆಂಟುಗಳಲ್ಲೇ ಬೀಳುತ್ತದೆ. ದೇಶ ಮೆಟ್ರಿಕ್ ಅಳತೆಗೆ ಹೋಗಿ ಅರವತ್ತು ವರ್ಷ ದಾಟಿತು, ಹವಾಮಾನ ಇಲಾಖೆ ಮಿಲಿಮೀಟರ್ ಎನ್ನುತ್ತದೆ. ತೋಟದ ರೈಟರ್ ಮಾತ್ರ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಪುಸ್ತಕದಲ್ಲಿ ‘1-20’ ಎಂದು ಬರೆಯುತ್ತಾರೆ. ಒಂದು ಇಂಚು ಇಪ್ಪತ್ತು ಸೆಂಟು. ಇಂಚಿನ ನೂರರಲ್ಲೊಂದು ಪಾಲು ಸೆಂಟು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ವಿರಾಜಪೇಟೆ–ಸಿದ್ದಾಪುರ ರಸ್ತೆಯ ಉದ್ದಕ್ಕೂ ಇದೇ ಮಾತು. ನಿಮ್ಮಲ್ಲಿ ಎಷ್ಟಾಯ್ತು? ನಮ್ಮಲ್ಲಿ ಎಂಬತ್ತು ಸೆಂಟು, ಹಾಲುಗುಂದದಲ್ಲಿ ಒಂದೂಕಾಲಂತೆ, ಕಣ್ಣಂಗಾಲದಲ್ಲಿ ಬರೀ ಗುಡುಗು.

ಈ ಲೆಕ್ಕಾಚಾರದ ಹಿಂದಿರುವುದು ರೋಬಸ್ಟಾ ಗಿಡದ ಹಟ. ಚಳಿಗಾಲದಲ್ಲಿ ಕಟ್ಟಿದ ಮೊಗ್ಗು ಒಣಹವೆಯಲ್ಲಿ ಮಲಗಿಬಿಡುತ್ತದೆ. ಒಂದರಿಂದ ಒಂದೂವರೆ ಇಂಚು ಮಳೆ ಒಂದೇ ಸಲ ಬಿದ್ದರೆ ಎಚ್ಚೆತ್ತು ಏಳೆಂಟು ದಿನದಲ್ಲಿ ತೋಟವಿಡೀ ಬೆಳ್ಳಗಾಗುತ್ತದೆ. ಅದು ಹೂಮಳೆ. ಆಮೇಲೆ ಮೂರು ವಾರದೊಳಗೆ ಇನ್ನೊಂದು ಹದಮಳೆ ಬೇಕು. ಅದಕ್ಕೆ ‘ಬ್ಯಾಕಿಂಗ್’ ಎನ್ನುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ಫಸಲು ತಪ್ಪಿತು. ಅರೆಬರೆ ಬಿದ್ದರೆ ಇನ್ನೂ ಕಷ್ಟ: ಮೊಗ್ಗು ಅರ್ಧ ಎದ್ದು ಅಲ್ಲೇ ಕರಟುತ್ತದೆ.

ಕೊಡಗಿನ ಕಾಫಿಯ ಚರಿತ್ರೆಯನ್ನು ಸಾಮಾನ್ಯವಾಗಿ ದರ, ರೋಗ, ಕೂಲಿ ಈ ಮೂರರ ಮೇಲೆ ಬರೆಯುತ್ತಾರೆ. ನೀರಿನ ಕಡೆಯಿಂದ ಬರೆದವರು ಕಡಿಮೆ. ಇಂಜಿನಿಯರಿಂಗ್ ಓದುವ ಹುಡುಗರಿಗೆ ದ್ರವಬಲವಿಜ್ಞಾನದ ಮೊದಲ ಅಧ್ಯಾಯದಲ್ಲೇ ಬರುವ ಒಣ ಪಟ್ಟಿಯೊಂದಿದೆ: ಸಾಂದ್ರತೆ, ಸ್ನಿಗ್ಧತೆ, ಮೇಲ್ಮೈ ಎಳೆತ, ಆವಿಯ ಒತ್ತಡ, ಸಂಪೀಡ್ಯತೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ಪಟ್ಟಿ. ಅಮ್ಮತ್ತಿಯ ತೋಟಗಳು ಈ ಪಟ್ಟಿಯನ್ನು ಸುಮಾರು ನೂರೈವತ್ತು ವರ್ಷಗಳಲ್ಲಿ ಒಂದೊಂದಾಗಿ, ದುಡ್ಡು ಕೊಟ್ಟು ಕಲಿತವು.

ಮೊದಲು ಭಾರದ ಲೆಕ್ಕ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ 1,02,790 ಲೀಟರ್ ನೀರು. ಘನಮೀಟರಿಗೆ ಒಂದು ಸಾವಿರ ಕಿಲೋ ತೂಗುವ ನೀರು ಇಲ್ಲಿ ಹತ್ತಿರ ಹತ್ತಿರ ನೂರಮೂರು ಟನ್ ಆಗುತ್ತದೆ. ಒಂದೂವರೆ ಇಂಚಾದರೆ 154 ಟನ್. ಮೋಡ ಇದನ್ನು ಅರ್ಧ ಗಂಟೆಯಲ್ಲಿ ಪುಕ್ಕಟೆ ಇಳಿಸಿಹೋಗುತ್ತದೆ. ಅದನ್ನೇ ಕೆರೆಯಿಂದ ಮನುಷ್ಯ ಎತ್ತಿ ಗಿಡದ ತಲೆಯ ಮೇಲೆ ಸುರಿಯಬೇಕೆಂದರೆ ಏನೇನು ಬೇಕು ಎಂಬುದೇ ಮುಂದಿನ ಕಥೆ.

1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿಯಲ್ಲಿ ತೋಟ ತೆರೆದಾಗ ನೀರು ಹಾಯಿಸುವ ಯೋಚನೆ ಯಾರಿಗೂ ಇರಲಿಲ್ಲ. ಕೊಡಗೆಂದರೆ ಮಳೆ, ಅಷ್ಟೆ. ಆದರೆ ತೋಟಗಳು ಪೂರ್ವಕ್ಕೆ ಇಳಿಯುತ್ತಾ ಬಿದಿರು ಕಾಡಿನ ಸೀಮೆಗೆ, ಅಂದರೆ ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರದ ಕಡೆಗೆ ಬಂದವು. ಪ್ಲಾಂಟರುಗಳು ಈ ಭಾಗವನ್ನು ‘ಬ್ಯಾಂಬೂ’ ಎಂದೇ ಕರೆದರು. ಪಾಲಿಬೆಟ್ಟದ ಕ್ಲಬ್ಬಿಗೆ ಇಂದಿಗೂ ಅದೇ ಹೆಸರು. ಇಲ್ಲಿ ಮಳೆ ಮಡಿಕೇರಿಗಿಂತ ಬಹಳ ಕಡಿಮೆ, ಬೇಸಿಗೆ ಉದ್ದ. 1860ರ ದಶಕದಲ್ಲಿ ನೆರಳು ಮರ ಕಡಿದು ಬಯಲು ಮಾಡಿದ ತೋಟಗಳಿಗೆ ಕಾಂಡಕೊರಕ ಹುಳ ಬಿತ್ತು. ತನಿಖೆಗೆ ಬಂದ ಡಾಕ್ಟರ್ ಜಾರ್ಜ್ ಬಿಡೀ ಬರವನ್ನೂ ನೆರಳಿಲ್ಲದ ಒಣ ತೋಟವನ್ನೂ ದೂರಿದ. ನೀರಿನ ಕೊರತೆಗೆ ಆಗ ಸಿಕ್ಕ ಔಷಧಿ ಮರದ ನೆರಳೊಂದೇ.

ನೀರು ಕಡಿಮೆಯಾದ ಕಷ್ಟ ಹಾಗಿದ್ದರೆ, ಎಲೆಯ ಮೇಲೆ ನೀರು ನಿಂತ ಕಷ್ಟ ಇನ್ನೊಂದು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಸ್ವಲ್ಪ ಕಾಲದಲ್ಲೇ ದಕ್ಷಿಣ ಭಾರತಕ್ಕೂ ಹತ್ತಿತು. ಈ ಶಿಲೀಂಧ್ರದ ಬೀಜಕ ಮೊಳೆಯಲು ಎಲೆಯ ಅಡಿಭಾಗದಲ್ಲಿ ತೆಳ್ಳಗಿನ ನೀರಿನ ಪೊರೆ ಬೇಕು. ಕಾಫಿ ಎಲೆಯ ಉಸಿರಾಟದ ರಂಧ್ರಗಳಿರುವುದು ಅಡಿಯಲ್ಲೇ, ರೋಗ ಒಳನುಗ್ಗುವುದೂ ಅಲ್ಲಿಂದಲೇ. ಹಾಗಾಗಿ ಔಷಧಿಯೂ ಅಡಿಗೇ ಹತ್ತಬೇಕು. ಕೆಳಗಿನಿಂದ ಮೇಲಕ್ಕೆ ಚಿಮ್ಮಿದ ಹನಿ ಎಲೆಯ ಅಡಿಗೆ ಅಂಟಿಕೊಂಡು, ಹರಡಿ, ಬೀಳದೆ ನಿಲ್ಲಬೇಕು. ನೀರಿಗೆ ಇದು ಇಷ್ಟವಿಲ್ಲದ ಕೆಲಸ. ನೀರಿನ ಕಣಗಳು ಒಂದನ್ನೊಂದು ಒಳಕ್ಕೆ ಎಳೆದುಕೊಳ್ಳುವುದರಿಂದ ಅದರ ಮೇಲ್ಮೈ ಸದಾ ಕುಗ್ಗಲು ನೋಡುತ್ತದೆ. ಮೀಟರಿಗೆ 0.072 ನ್ಯೂಟನ್, ಸಾಮಾನ್ಯ ದ್ರವಗಳ ಪೈಕಿ ಪಾದರಸವನ್ನು ಬಿಟ್ಟರೆ ಇಷ್ಟು ಬಿಗಿ ಕಾಣುವುದು ಅಪರೂಪ. ಮೇಣ ಹಚ್ಚಿದ ಎಲೆಯ ಮೇಲೆ ಅದು ಗುಂಡಗಾಗಿ ಉರುಳಿಬಿಡುತ್ತದೆ. ಹನಿ ಎಲೆಯನ್ನು ಯಾವ ಕೋನದಲ್ಲಿ ಮುಟ್ಟುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದು ಲಂಡನ್ನಿನ ವೈದ್ಯ ಥಾಮಸ್ ಯಂಗ್ 1805ರಲ್ಲೇ ಹೇಳಿದ್ದ.

ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನಲ್ಲಿ. ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕದಿಯದಿರಲಿ ಎಂದು ಸಾಲಿನ ಗಿಡಗಳಿಗೆ ಎರಚಿದ್ದ ನೀಲಿ ಬಳಿತ ರೋಗವನ್ನೂ ತಡೆದದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ 1882ರಲ್ಲಿ ಗಮನಿಸಿದ, 1885ರಲ್ಲಿ ಪ್ರಕಟಿಸಿದ. ಕನ್ನಡ ನಾಡಿನಲ್ಲಿ ಅದಕ್ಕೆ ನೆಲೆ ಕೊಟ್ಟವರು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗದ ಮೇಲೆ 1910ರ ಹೊತ್ತಿಗೆ ಕೆಲಸ ಮಾಡಿ ಬೋರ್ಡೋ ಸಿಂಪಡಣೆಯನ್ನು ಮಲೆನಾಡಿಗೆ ಕಲಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗಕೇಂದ್ರವೂ ಅವರ ಕಾಲದಲ್ಲೇ ಶುರುವಾಯಿತು. ಮಳೆಗೆ ತೊಳೆದುಹೋಗದಂತೆ ದ್ರಾವಣಕ್ಕೆ ರಾಳ, ಸೋಡಾ ಕುದಿಸಿ ಬೆರೆಸುವ ರೂಢಿಯೂ ಮಲೆನಾಡಿನದೇ. ರಾಳ, ಸೋಡಾ ಕುದಿದು ಆಗುವ ಸೋಪಿನಂಥದ್ದು ನೀರಿನ ಮೇಲ್ಮೈಗೆ ಏನು ಮಾಡುತ್ತದೆ ಎಂಬುದನ್ನು ಜರ್ಮನಿಯ ಆಗ್ನೆಸ್ ಪಾಕೆಲ್ಸ್ ಎಂಬ ಗೃಹಿಣಿ ಅಡುಗೆಮನೆಯ ಬೋಗುಣಿಯಲ್ಲಿ ಅಳೆದಿದ್ದಳು. ಜಿಡ್ಡು, ಸೋಪು ಸೋಕಿದ ನೀರಿನ ಮೇಲ್ಮೈ ಎಷ್ಟು ಸಡಿಲವಾಗುತ್ತದೆ ಎಂಬ ಅವಳ ಲೆಕ್ಕವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1891ರಲ್ಲಿ ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. ಕಾಲೇಜು ಮೆಟ್ಟಿಲು ಹತ್ತಲು ಬಿಡದಿದ್ದ ಕಾಲದಲ್ಲಿ ಅವಳು ಮಾಡಿದ ಕೆಲಸ ಅದು.

ಬೋರ್ಡೋ ಹದ ನೋಡುವ ಪದ್ಧತಿ ತೋಟಗಳಲ್ಲಿ ಬಹಳ ಕಾಲದಿಂದ ಒಂದೇ. ನೂರು ಲೀಟರ್ ನೀರಿಗೆ ಅರ್ಧ ಕಿಲೋ ಮೈಲುತುತ್ತು, ಅಷ್ಟೇ ಸುಣ್ಣ. ಬೇರೆ ಬೇರೆ ಕರಗಿಸಿ ಒಂದಾಗಿ ಸುರಿದ ಮೇಲೆ ಮೇಸ್ತ್ರಿ ಸೊಂಟದ ಚಾಕು ತೆಗೆದು, ಅಲಗನ್ನು ಉಜ್ಜಿ, ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾನೆ. ಎತ್ತಿದಾಗ ಅಲಗು ಕೆಂಪಗಾಗಿದ್ದರೆ ತಾಮ್ರ ಹತ್ತಿದೆ, ಇನ್ನೊಂದಿಷ್ಟು ಸುಣ್ಣ. ಬೆಳ್ಳಗೇ ಇದ್ದರೆ ಸರಿ. ಆಮೇಲೆ ಪಂಪು ಒತ್ತುವವನೊಬ್ಬ, ಗಿಡದ ಬುಡದಲ್ಲಿ ಬಗ್ಗಿ ನಳಿಗೆಯನ್ನು ಮೇಲ್ಮುಖ ಹಿಡಿಯುವವನೊಬ್ಬ. ಸಂಜೆಗೆ ಇಬ್ಬರ ಮೈಯೂ ನೀಲಿ.

ತುಕ್ಕುರೋಗದ ಹೊಡೆತ ತಡೆಯುವ ತಳಿ ಹುಡುಕುತ್ತಾ ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೋಬಸ್ಟಾ ಬಂತು. ಬ್ಯಾಂಬೂ ಸೀಮೆಗೆ ಅದು ಒಗ್ಗಿತು. ರೋಗ ತಡೆಯಿತು, ಹುಳ ತಡೆಯಿತು. ಬದಲಿಗೆ ಬೇಸಿಗೆಯ ನೀರು ಕೇಳಿತು.

ಇಲ್ಲಿಂದ ಪಂಪಿನ ಕಾಲ. ಪಂಪಿನ ಕಥೆಯನ್ನು ಅಮ್ಮತ್ತಿಯಿಂದ ಶುರುಮಾಡಲಾಗದು, ಫ್ಲಾರೆನ್ಸಿನಿಂದ ಶುರುಮಾಡಬೇಕು. ಎಳೆಯುವ ಪಂಪು ಹದಿನೆಂಟು ಮೊಳಕ್ಕಿಂತ ಆಳದ ನೀರನ್ನು ಮೇಲೆತ್ತುವುದಿಲ್ಲ ಎಂಬ ಸಂಗತಿಯನ್ನು ಗೆಲಿಲಿಯೊ 1638ರ ಪುಸ್ತಕದಲ್ಲಿ ದಾಖಲಿಸಿದ. ಕಾರಣ ಮಾತ್ರ ತಪ್ಪು ಕೊಟ್ಟ: ಉದ್ದವಾದ ಹಗ್ಗ ತನ್ನ ಭಾರಕ್ಕೇ ಹರಿಯುವ ಹಾಗೆ ನೀರಿನ ಕಂಬ ಹರಿಯುತ್ತದೆ ಎಂದುಕೊಂಡ. 1643ರಲ್ಲಿ ಅವನ ಶಿಷ್ಯಬಳಗದ ಟೊರಿಚೆಲ್ಲಿ ಪಾದರಸದ ಗಾಜಿನ ಕೊಳವೆಯಿಂದ ನಿಜ ಹೇಳಿದ. ಪಂಪು ನೀರನ್ನು ಎಳೆಯುವುದೇ ಇಲ್ಲ. ಒಳಗಿನ ಗಾಳಿಯನ್ನು ತೆಗೆದು ಜಾಗ ಮಾಡಿಕೊಡುತ್ತದೆ, ಅಷ್ಟೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾತಾವರಣದ ಭಾರ. ಆ ಭಾರ ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರನ್ನು ಹೊರಬಲ್ಲದು, ಅದರ ಮೇಲೆ ಒಂದು ಗೇಣೂ ಆಗದು. ಬೆಟ್ಟ ಹತ್ತಿದರೆ ಗಾಳಿಯ ಭಾರ ಇಳಿಯಬೇಕಲ್ಲ ಎಂದು ಪಾಸ್ಕಲ್ ಕೇಳಿದ. 1648ರ ಸೆಪ್ಟೆಂಬರ್ 19ರಂದು ಅವನ ಭಾವ ಪೆರಿಯೆ ಪ್ಯೂಯ್ ದ ಡೋಮ್ ಬೆಟ್ಟಕ್ಕೆ ಪಾದರಸ ಹೊತ್ತು ಹತ್ತಿ ನೋಡಿದಾಗ ಮಟ್ಟ ಮೂರು ಇಂಚಿಗೂ ಹೆಚ್ಚು ಇಳಿದಿತ್ತು.

ಪೆರಿಯೆ ಹತ್ತಿದ ಎತ್ತರ ಸುಮಾರು ಒಂದು ಸಾವಿರ ಮೀಟರ್. ಮಂಗಳೂರಿನಿಂದ ವಿರಾಜಪೇಟೆ ಸೀಮೆಗೆ ಏರಿದರೆ ಸುಮಾರು ಒಂಬೈನೂರು. ಹತ್ತಿರ ಹತ್ತಿರ ಅದೇ ಪ್ರಯೋಗ. ಅಂದರೆ ಅಮ್ಮತ್ತಿಯಲ್ಲಿ ಪಾದರಸ 760 ಮಿಲಿಮೀಟರಿನ ಬದಲು 683ರ ಆಸುಪಾಸು ನಿಲ್ಲುತ್ತದೆ, ನೀರಿನ ಕಂಬ 9.3 ಮೀಟರಿಗೆ ಮುಗಿಯುತ್ತದೆ. ಕರಾವಳಿಯ ತೋಟದವನಿಗೆ ಸಿಗುವ ಒಂದು ಮೀಟರ್ ಕೊಡಗಿನವನಿಗೆ ಸಿಗುವುದಿಲ್ಲ. ಪಂಪು ಮಾರುವ ಕಂಪೆನಿಗಳ ಚೀಟಿಯಲ್ಲಿ ಬರೆದಿರುವುದು ಬಹುಪಾಲು ಸಮುದ್ರಮಟ್ಟದ ಲೆಕ್ಕ.

ಪಂಪುಗಳ ಮಟ್ಟಿಗೆ ಕನ್ನಡ ನೆಲದ ಒಂದು ಎಳೆಯೂ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿಯಿಂದ ವ್ಯಾಪಾರ ಶುರುಮಾಡಿದ್ದು ಬೆಳಗಾವಿಯಲ್ಲಿ. ಕಬ್ಬಿಣದ ನೇಗಿಲು ಅಲ್ಲಿಯೇ ತಯಾರಾಯಿತು. ಜಾಗ ಖಾಲಿ ಮಾಡಬೇಕಾಗಿ ಬಂದಾಗ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. 1920ರ ದಶಕದಲ್ಲಿ ಅಲ್ಲಿ ಅಪಕೇಂದ್ರ ಪಂಪುಗಳನ್ನು ಎರಕ ಹೊಯ್ದರು. ಲಂಡನ್ನಿನ 1851ರ ಮಹಾಪ್ರದರ್ಶನದಲ್ಲಿ ಆ್ಯಪೋಲ್ಡ್ ಎಂಬಾತನ ಬಾಗಿದ ಅಲಗಿನ ಪಂಪು ಜನರನ್ನು ಬೆರಗುಗೊಳಿಸಿದ ಮೇಲೆ ಈ ಜಾತಿಯ ಯಂತ್ರ ಜಗತ್ತೆಲ್ಲ ಹಬ್ಬಿತ್ತು. ಡೀಸೆಲ್ ಎಂಜಿನ್ನೊಂದಿಗೆ ಜೋಡಿಸಿ, ಕಬ್ಬಿಣದ ಗಾಲಿಯ ಮೇಲೆ ಕೂರಿಸಿ, ಕೆರೆ ದಂಡೆಗೆ ಎಳೆದೊಯ್ಯುವ ಪಂಪುಸೆಟ್ಟು ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ದೊಡ್ಡ ಎಸ್ಟೇಟುಗಳಿಗೆ, ಅಲ್ಲಿಂದ ಸಣ್ಣ ಬೆಳೆಗಾರರ ಕೈಗೆ ಬಂತು.

ಅಲ್ಲಿಂದಾಚೆ ಫೆಬ್ರವರಿಯಲ್ಲಿ ಅಮ್ಮತ್ತಿಯ ಮೆಕ್ಯಾನಿಕ್ಕುಗಳಿಗೆ ಊಟಕ್ಕೆ ಬಿಡುವಿಲ್ಲ. ‘ಗಾಳಿ ಎಳೀತಿದೆ’ ಎಂಬ ಒಂದೇ ದೂರು. ಎಳೆಯುವ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹೊರಗಿನ ಗಾಳಿ ಒಳನುಗ್ಗುತ್ತದೆ, ನೀರು ಏರುವುದಿಲ್ಲ. ಮೆಕ್ಯಾನಿಕ್ ಮೊದಲು ಆ ಕೊಳವೆಯ ಕೆಳತುದಿಯ ಫುಟ್‌ವಾಲ್ವಿನ ತೊಗಲು ನೋಡುತ್ತಾನೆ, ಎಲೆ, ಕಡ್ಡಿ ಸಿಕ್ಕಿದೆಯೇ ಎಂದು ತಡವುತ್ತಾನೆ. ಮೇಲಿನಿಂದ ಕೊಡಗಟ್ಟಲೆ ನೀರು ಹೊಯ್ದರೂ ತುಂಬಿ ನಿಲ್ಲದಿದ್ದರೆ ಸಗಣಿ ಕದಡಿದ ನೀರು ಹೊಯ್ಯುತ್ತಾರೆ. ಬರಿಯ ನೀರು ಸಂದಿಯಲ್ಲಿ ಸರ್ರನೆ ಜಾರಿಬಿಡುತ್ತದೆ. ಸಗಣಿ ನೀರಿಗೆ ಹರಿಯುವುದೇ ಬೇಸರ, ನಾರು ಬೇರೆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ಉಪಾಯ ಭಾರತದ ಹಳ್ಳಿಹಳ್ಳಿಯಲ್ಲಿ ನಡೆಯುತ್ತದೆ, ಹತ್ತರಲ್ಲಿ ಎಂಟು ಸಲ ಗೆಲ್ಲುತ್ತದೆ ಎಂದು ಮಾಡುವವರ ನಂಬಿಕೆ.

ಗಾಳಿ ಎಳೆಯದೆಯೂ ಕೆಡುವ ಪಂಪುಗಳಿವೆ. ಮಾರ್ಚ್ ಹೊತ್ತಿಗೆ ಕೆರೆ ಇಳಿಯುತ್ತದೆ, ಪಂಪು ದಂಡೆಯ ಮೇಲೆ ಇದ್ದಲ್ಲೇ ಇರುತ್ತದೆ, ಇವೆರಡರ ನಡುವಿನ ಎತ್ತರ ದಿನದಿನಕ್ಕೆ ಬೆಳೆಯುತ್ತದೆ. ಒಂದು ದಿನ ಪಂಪಿನೊಳಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದ ಹಾಗೆ ಸದ್ದು ಶುರುವಾಗುತ್ತದೆ. ಬಿಚ್ಚಿ ನೋಡಿದರೆ ಕಲ್ಲಿಲ್ಲ. ಅಲಗಿನ ಮೇಲೆ ಮಾತ್ರ ಹುಳ ತಿಂದಂಥ ಗುಳಿಗಳು. ತಿಂದಿರುವುದು ನೀರೇ. ಯಾವ ದ್ರವವೂ ತನ್ನ ಆವಿಯ ಒತ್ತಡಕ್ಕಿಂತ ಕೆಳಗೆ ಒತ್ತಡ ಇಳಿದರೆ ಕುದಿಯುತ್ತದೆ. ಅಮ್ಮತ್ತಿಯಲ್ಲಿ ಒಲೆಯ ಮೇಲಿನ ನೀರು ನೂರು ಡಿಗ್ರಿಗೆ ಕಾಯದೆ 97ರಲ್ಲೇ ಕುದಿಯುವುದು ಈ ಕಾರಣಕ್ಕೆ. 30 ಡಿಗ್ರಿಯ ಕೆರೆ ನೀರಿನ ಆವಿಯ ಒತ್ತಡ ಸುಮಾರು 4.2 ಕಿಲೊಪಾಸ್ಕಲ್, ಅಂದರೆ ಅರ್ಧ ಮೀಟರ್ ನೀರಿನ ಭಾರಕ್ಕೂ ಕಡಿಮೆ. ಎತ್ತರ ಹೆಚ್ಚಿ, ಕೊಳವೆಯ ಉಜ್ಜಾಟವೂ ಸೇರಿ, ಪಂಪಿನ ಕಣ್ಣಿನಲ್ಲಿ, ಅಂದರೆ ನೀರು ಒಳಹೋಗುವ ಬಾಯಿಯಲ್ಲಿ, ಒತ್ತಡ ಅದಕ್ಕಿಂತ ಇಳಿದ ಕ್ಷಣ ತಣ್ಣೀರು ಅಲ್ಲೇ ಕುದಿದು ಗುಳ್ಳೆಗಳೇಳುತ್ತವೆ. ಗುಳ್ಳೆ ಒಂದೆರಡು ಅಂಗುಲ ಮುಂದೆ ಹೋಗಿ ಒತ್ತಡ ಹೆಚ್ಚಿದಲ್ಲಿ ಕುಸಿಯುತ್ತದೆ. ಪ್ರತಿ ಕುಸಿತವೂ ಲೋಹಕ್ಕೆ ಒಂದು ಪೆಟ್ಟು.

ಇದನ್ನು ಮೊದಲು ಕಂಡವರು ಹಡಗಿನವರು. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ತನ್ನ ಟರ್ಬೀನಿಯಾ ದೋಣಿಗೆ ಹೊಸ ಉಗಿ ಟರ್ಬೈನ್ ಹಾಕಿ ಓಡಿಸಿದರೆ ಅದು ನಿರೀಕ್ಷಿಸಿದ ವೇಗ ಮುಟ್ಟಲೇ ಇಲ್ಲ. ದೋಣಿಯ ಪ್ರೊಪೆಲರ್ ಚಕ್ರ ನೀರನ್ನು ಕಡೆಯದೆ ಆವಿಯನ್ನು ಕಡೆಯುತ್ತಿತ್ತು. ಮರುವರ್ಷ ಗಾಜಿನ ಕಿಟಕಿಯ ಸಣ್ಣ ತೊಟ್ಟಿಯೊಂದನ್ನು ಕಟ್ಟಿ ಆ ಗುಳ್ಳೆಗಳನ್ನು ಕಣ್ಣಾರೆ ನೋಡಿದ. ಮೂರು ಅಚ್ಚುಗಳಿಗೆ ಒಂಬತ್ತು ಚಕ್ರ ಹಂಚಿ ಹಾಕಿದ ಮೇಲೆ 1897ರಲ್ಲಿ ವಿಕ್ಟೋರಿಯಾ ರಾಣಿಯ ನೌಕಾಪಡೆಯ ಎದುರೇ ಅದು ಎಲ್ಲರನ್ನೂ ಹಿಂದೆ ಹಾಕಿತು. ಕುಸಿಯುವ ಗುಳ್ಳೆಯ ಗಣಿತವನ್ನು ಅದೇ ಲಾರ್ಡ್ ರೇಲಿ 1917ರಲ್ಲಿ ಬರೆದ. ಕೆರೆ ದಂಡೆಯ ಮೆಕ್ಯಾನಿಕ್ ಕೊಡುವ ಪರಿಹಾರ ಒಂದೇ ಮಾತಿನದು: ‘ಪಂಪು ಕೆಳಗಿಳಿಸಿ.’ ಲೆಕ್ಕ ಹಾಕಿದರೂ ಅದೇ ಬರುತ್ತದೆ. 9.3ರಲ್ಲಿ ಆವಿಯ ಪಾಲು ಹೋಗಿ, ಕೊಳವೆಯ ಉಜ್ಜಾಟ ಹೋಗಿ, ಪಂಪು ತಾನೇ ಕೇಳುವ ಎರಡು ಮೂರು ಮೀಟರ್ ಹೋಗಿ, ಉಳಿಯುವುದು ಆರು. ಎಂಜಿನ್ ಕೂರಿಸಲು ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಜಾಗಗಳು ಹಳೆಯ ಕೆರೆಗಳಲ್ಲಿ ಈಗಲೂ ಕಾಣುತ್ತವೆ. ನೀರು ಇಳಿದ ಹಾಗೆ ಎಂಜಿನ್ನೂ ಒಂದೊಂದು ಮೆಟ್ಟಿಲು ಇಳಿಯುತ್ತದೆ.

ಕೊಳವೆಯ ವಿಷಯಕ್ಕೆ ಬಂದರೆ ಎರಡನೇ ಮಹಾಯುದ್ಧಕ್ಕೆ ಕೃತಜ್ಞರಾಗಬೇಕು. ವಿಮಾನಕ್ಕೆಂದು ಬೆಳೆದ ಅಲ್ಯೂಮಿನಿಯಂ ಉದ್ಯಮ ಯುದ್ಧ ಮುಗಿದ ಮೇಲೆ ಹಗುರ ನೀರಾವರಿ ಪೈಪು ತಯಾರಿಸಿತು. ಕಬ್ಬಿಣದ ಪೈಪು ಹೊತ್ತು ರೋಬಸ್ಟಾ ಸಾಲಿನೊಳಗೆ ನುಗ್ಗುವುದು ಆಗದ ಮಾತು. ಅಲ್ಯೂಮಿನಿಯಂ ಪೈಪನ್ನು ಒಬ್ಬನೇ ಹೆಗಲಿಗೇರಿಸಿ ಓಡಾಡಬಹುದು. ಆಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಬಂತು. ದುಡ್ಡು ಉಳಿಸಲು ಮೂರಿಂಚಿನ ಬದಲು ಎರಡಿಂಚು ಹಾಕಿದವರು ಮಾತ್ರ ಪಾಠ ಕಲಿತರು. ಡಿಜೋನ್ ನಗರಕ್ಕೆ ನೀರು ತಂದ ಆ್ಯನ್ರಿ ಡಾರ್ಸಿ 1857ರಲ್ಲಿ ಪ್ರಕಟಿಸಿದ ಕೊಳವೆ ಪ್ರಯೋಗಗಳಿಂದ ಹೊರಟ ಸೂತ್ರದ ಪ್ರಕಾರ, ಅಷ್ಟೇ ನೀರನ್ನು ಕಿರಿದಾದ ಪೈಪಿನಲ್ಲಿ ನೂಕಿದರೆ ಉಜ್ಜಾಟದ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಮೂರಕ್ಕೆ ಎರಡಾದರೆ ನಷ್ಟ ಏಳೂವರೆ ಪಟ್ಟು. ಉಳಿಸಿದ ಪೈಪಿನ ದುಡ್ಡು ಎರಡು ಬೇಸಿಗೆಯ ಡೀಸೆಲಿಗೆ ಹೋಗುತ್ತದೆ.

ಉಜ್ಜಾಟ ಎಂದ ಕೂಡಲೇ ಸ್ನಿಗ್ಧತೆಯ ಹೆಸರು ಹೇಳುತ್ತೇವೆ. ದ್ರವದ ಒಂದು ಪದರ ಪಕ್ಕದ ಪದರವನ್ನು ಜಾರಲು ಬಿಡದೆ ಹಿಡಿಯುವ ಈ ಗುಣವನ್ನು ನ್ಯೂಟನ್ 1687ರಲ್ಲಿ ಗುರುತಿಸಿದ್ದ. ಅದನ್ನು ಕಣ್ಣಿಂದ ನೋಡಬೇಕಾದರೆ ಕೊಡಗಿಗಿಂತ ಒಳ್ಳೆಯ ಜಾಗವಿಲ್ಲ: ಇಲ್ಲಿ ಜೇನಿದೆ. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಲ್ಲಿ ಹುಟ್ಟಿತು. ಜೇನಿನ ಭಾರ ನೀರಿನ ಒಂದೂವರೆ ಪಟ್ಟಿಗೂ ಕಡಿಮೆ; ಸ್ನಿಗ್ಧತೆ ಮಾತ್ರ ಸುಮಾರು ಹತ್ತು ಸಾವಿರ ಪಟ್ಟು. ನೀರಿನಂಶ ಸ್ವಲ್ಪ ಹೆಚ್ಚಿದರೂ ಸಳಸಳ ಹರಿಯುತ್ತದೆ, ಬೇಗ ಹುಳಿಯುತ್ತದೆ. ತುಡುವೆ ಜೇನು ಹಾಗೆಯೇ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೊಡಗಿನ ತುಡುವೆ ಪೆಟ್ಟಿಗೆಗಳನ್ನು ಬರಿದುಮಾಡಿತು. ರೋಬಸ್ಟಾ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟದ ಗಿಡವಾದ್ದರಿಂದ ಆ ನಷ್ಟ ಜೇನು ಮಾರುವವರದು ಮಾತ್ರ ಆಗಿರಲಿಲ್ಲ. ಮೂರಿಂಚಿನ ಪೈಪಿಗೆ ಮರಳಿದರೆ, ಅಲ್ಲಿ ನೀರಿನ ಓಟ ಸ್ನಿಗ್ಧತೆಯ ಹಿಡಿತವನ್ನು ಎಷ್ಟು ಮೀರಿದೆ ಎಂದು ಅಳೆಯುವ ರೆನಾಲ್ಡ್ಸ್ ಸಂಖ್ಯೆ ಒಂದು ಲಕ್ಷ ದಾಟಿರುತ್ತದೆ. ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ತೋರಿಸಿದ ಹಾಗೆ, ಸಂಖ್ಯೆ ಎರಡು ಸಾವಿರದ ಆಸುಪಾಸು ದಾಟುತ್ತಿದ್ದಂತೆ ನೆಟ್ಟಗಿನ ಹರಿವು ಕದಡತೊಡಗುತ್ತದೆ. ತೋಟದ ಪೈಪಿನಲ್ಲಿ ನೀರು ಪೂರ್ತಿ ಸುಳಿಮಯ. ಸ್ನಿಗ್ಧತೆ ಆಳುವುದು ಗೋಡೆಯ ಪಕ್ಕದ ತೆಳು ಪದರವನ್ನಷ್ಟೇ, ಉಳಿದದ್ದು ಸುಳಿಗಳ ರಾಜ್ಯ.

ಪೈಪಿನ ತುದಿಯ ಯಂತ್ರ ಕ್ಯಾಲಿಫೋರ್ನಿಯಾದ್ದು. ಗ್ಲೆಂಡೋರಾದ ಕಿತ್ತಳೆ ಸೀಮೆಯ ರೈತ ಆರ್ಟನ್ ಎಂಗಲ್‌ಹಾರ್ಟ್ 1933ರಲ್ಲಿ ಮಾಡಿದ ಸ್ಪ್ರಿಂಕ್ಲರಿನಲ್ಲಿ ಚಿಮ್ಮುವ ನೀರೇ ಒಂದು ತೋಳನ್ನು ಬಡಿದು ದೂಡುತ್ತದೆ, ಸ್ಪ್ರಿಂಗು ಅದನ್ನು ಮರಳಿಸುತ್ತದೆ, ಪ್ರತಿ ಬಡಿತಕ್ಕೂ ತಲೆ ಸ್ವಲ್ಪ ತಿರುಗುತ್ತದೆ. ಮಾರ್ಚಿನ ರಾತ್ರಿಗಳಲ್ಲಿ ಅಮ್ಮತ್ತಿಯ ತೋಟಗಳಿಂದ ಕೇಳುವ ಟಿಕ್‌ಟಿಕ್ ಸದ್ದು ಅದೇ. ರೋಬಸ್ಟಾ ಗಿಡದ ತಲೆ ದಾಟಿ ಸಿಂಪಡಿಸಲು ಅದನ್ನು ಎತ್ತರದ ಪೈಪಿನ ಮೇಲೆ ನಿಲ್ಲಿಸುತ್ತಾರೆ. ಚದರ ಸೆಂಟಿಮೀಟರಿಗೆ ಮೂರು ಕಿಲೋ ಒತ್ತಡದಲ್ಲಿ ಮೂತಿಯಿಂದ ನೀರು ಹೊರಡುವ ವೇಗ ಗಂಟೆಗೆ ಸುಮಾರು 87 ಕಿಲೋಮೀಟರ್. ಇದು 30 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗಕ್ಕೆ ಸಮ, ಆ ನಿಯಮವೂ ಟೊರಿಚೆಲ್ಲಿಯದೇ, 1644ರದು. ಹೊರಬಿದ್ದ ಧಾರೆ ಗಾಳಿಯಲ್ಲಿ ಅಲುಗಿ, ಗಂಟುಗಂಟಾಗಿ, ಹನಿಯೊಡೆಯುತ್ತದೆ. ಮತ್ತೆ ಮೇಲ್ಮೈ ಎಳೆತ. ಒತ್ತಡ ಕಡಿಮೆಯಾದರೆ ದಪ್ಪ ಹನಿ, ಅದರ ಬಡಿತಕ್ಕೆ ನೆಲ ಗಟ್ಟಿಯಾಗುತ್ತದೆ. ಹೆಚ್ಚಾದರೆ ಮಂಜು, ಗಾಳಿಗೆ ಪಕ್ಕದ ತೋಟಕ್ಕೆ ಹಾರುತ್ತದೆ, ಪಕ್ಕದವನು ಥ್ಯಾಂಕ್ಸ್ ಹೇಳುವುದಿಲ್ಲ. ಗಾಳಿ ಬಿದ್ದು, ಬಿಸಿಲಿಳಿದ ರಾತ್ರಿಯನ್ನು ಆರಿಸುವುದು ಇದಕ್ಕೇ. ಹೂ ಅರಳಿದ ದಿನ ಯಾರೂ ಹಾಕುವುದಿಲ್ಲ, ಪರಾಗ ತೊಳೆದುಹೋಗುತ್ತದೆ.

ಕರೆಂಟಿನ ಮೋಟಾರು ಇರುವಲ್ಲಿ ರಾತ್ರಿಯ ಇನ್ನೊಂದು ಕಾಟ ಕರೆಂಟು ಹೋಗುವುದು. ಪಂಪು ನಿಂತ ಕ್ಷಣ ಗುಡ್ಡದ ಮೇಲೆ ಹತ್ತುತ್ತಿದ್ದ ನೀರು ಒಂದು ಗಳಿಗೆ ನಿಂತು ಹಿಂದಿರುಗುತ್ತದೆ. ವಾಪಸು ನೀರನ್ನು ತಡೆಯಲೆಂದೇ ಇರುವ ಕೆಳಗಿನ ಕವಾಟ, ಎನ್‌ಆರ್‌ವಿ, ಫಟ್ ಎಂದು ಮುಚ್ಚಿಕೊಳ್ಳುತ್ತದೆ. ನೀರನ್ನು ಹಿಂಡಲು ಬಾರದು ಎಂದು ಫ್ಲಾರೆನ್ಸಿನ ಅಕಾಡೆಮಿಯವರು 1667ರಲ್ಲಿ ಬರೆದಿದ್ದರು. ಬಾರದೆಂಬುದು ಸುಳ್ಳು, ಬಲು ಕಷ್ಟ ಎಂದು ಜಾನ್ ಕ್ಯಾಂಟನ್ 1762ರಲ್ಲಿ ತೋರಿಸಿದ. ನೂರರಲ್ಲೊಂದು ಪಾಲು ಕುಗ್ಗಿಸಲು ವಾತಾವರಣದ ಇನ್ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ಅಷ್ಟು ಬಿರುಸಾದ ವಸ್ತು ಓಡುತ್ತಿರುವಾಗ ಗಕ್ಕನೆ ನಿಲ್ಲಿಸಿದರೆ ಆ ಓಟವೆಲ್ಲ ಒತ್ತಡದ ಅಲೆಯಾಗಿ ಪೈಪಿನಲ್ಲಿ ಓಡಾಡುತ್ತದೆ. ಮಾಸ್ಕೋ ನಗರದ ನೀರಿನ ಪೈಪುಗಳು ಒಡೆಯುತ್ತಿದ್ದ ಕಾಲದಲ್ಲಿ ರಷ್ಯದ ವಿಜ್ಞಾನಿ ಜುಕೋವ್‌ಸ್ಕಿ 1897–98ರಲ್ಲಿ ಲೆಕ್ಕ ಕೊಟ್ಟ. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಓಡುವ ನೀರನ್ನು ತಟ್ಟನೆ ತಡೆದರೆ ಸುಮಾರು ಹನ್ನೆರಡು ಕಿಲೋ ಒತ್ತಡ ಹೆಚ್ಚುವರಿ ಏಳುತ್ತದೆ. ಪ್ಲಾಸ್ಟಿಕ್ ಪೈಪು ಉಬ್ಬಿ ಕೊಡುವುದರಿಂದ ಅದರ ಮೂರರಲ್ಲೊಂದು ಪಾಲು. ಬೆಳಿಗ್ಗೆ ಬಿಚ್ಚಿಬಿದ್ದ ಕಪ್ಲಿಂಗು, ಅದರ ಸುತ್ತ ಕೊಚ್ಚಿದ ಹೊಂಡ ಕಂಡರೆ ರಾತ್ರಿ ಎಷ್ಟು ಸಲ ಕರೆಂಟು ಹೋಯಿತು ಎಂದು ಕೇಳಬೇಕಾಗಿಲ್ಲ. ವಾಲ್ವನ್ನು ನಿಧಾನ ತಿರುಗಿಸು ಎಂದು ಹೊಸ ಹುಡುಗರಿಗೆ ಹೇಳುವುದೂ ಇದಕ್ಕೇ.

ಈ ಯಂತ್ರಗಳಿಗೆಲ್ಲ ದುಡ್ಡು ಬೇಕಿತ್ತು. 1975ರಲ್ಲಿ, ಮತ್ತೆ 1994ರಲ್ಲಿ ಬ್ರೆಜಿಲಿನ ತೋಟಗಳನ್ನು ಹಿಮ ಸುಟ್ಟಾಗ ಜಗತ್ತಿನ ಕಾಫಿ ದರ ಹಾರಿತು. ಎರಡನೆಯ ಸಲ ಬೆಳೆಯನ್ನೆಲ್ಲ ಸಂಗ್ರಹಿಸಿ ಒಟ್ಟಾಗಿ ಮಾರುವ ಕಾಫಿ ಬೋರ್ಡಿನ ಪೂಲ್ ಪದ್ಧತಿಯ ಹಿಡಿತವೂ ಸಡಿಲವಾಗಿದ್ದರಿಂದ ಬೆಳೆಗಾರರ ಕೈಗೆ ನೇರ ದುಡ್ಡು ಬಂತು. ಆ ದುಡ್ಡಿನ ಒಂದು ಪಾಲು ಕೆರೆಗೆ, ಎಂಜಿನ್ನಿಗೆ, ಪೈಪಿಗೆ ಹೋದದ್ದು ಸಹಜ. 154 ಟನ್ನಿನ ಲೆಕ್ಕ ನೆನಪಿದೆಯಷ್ಟೆ. ಏರು, ಉಜ್ಜಾಟ, ಸ್ಪ್ರಿಂಕ್ಲರಿನ ಒತ್ತಡ ಎಲ್ಲ ಸೇರಿ 60 ಮೀಟರ್ ಎಂದಿಟ್ಟುಕೊಂಡರೆ ಒಂದು ಎಕರೆಗೆ ಒಂದು ಸಲಕ್ಕೆ ಸುಮಾರು 25 ಯೂನಿಟ್ಟಿನ ಕೆಲಸ. ಪಂಪು, ಮೋಟಾರಿನ ನಷ್ಟ ಸೇರಿದರೆ 50. ಅದರಿಂದಲೇ ಹತ್ತು ಎಕರೆಯವನೂ ಕರೆಂಟು ಬಿಲ್ಲು, ಡೀಸೆಲ್ ದರದ ಬಗ್ಗೆ ಇಷ್ಟು ಮಾತಾಡುವುದು.

ಬರದ ಬೇಸಿಗೆಗಳಲ್ಲಿ ಕಾವೇರಿಯಿಂದ ತೋಟಕ್ಕೆ ನೀರೆತ್ತಬಾರದೆಂದು ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ಸಿದ್ದಾಪುರದ ಕರಡಿಗೋಡು, ಗುಹ್ಯದ ದಂಡೆಗಳಲ್ಲಿ ಆಗಸ್ಟ್ 2019ರಲ್ಲಿ ಮನೆಗಳನ್ನು ಮುಳುಗಿಸಿದ ಹೊಳೆ ಏಪ್ರಿಲಿನಲ್ಲಿ ಬಂಡೆಗಳ ನಡುವೆ ತೆವಳುತ್ತಿರುತ್ತದೆ. ಕುಡಿಯುವ ನೀರು ಮೊದಲು ಎಂಬುದರಲ್ಲಿ ವಾದವಿಲ್ಲ. ಹೊಳೆ ಇಲ್ಲದವರು ಕೆರೆ ಆಳ ಮಾಡುತ್ತಾರೆ, ಕೆರೆ ಸಾಲದವರು ಕೊಳವೆಬಾವಿ ಕೊರೆಸುತ್ತಾರೆ. ಅರ್ಮೇಯ್ಸ್ ಅರುತ್ಯುನೊವ್ ಎಂಬ ರಷ್ಯನ್ ಇಂಜಿನಿಯರ್ ಎಣ್ಣೆ ಬಾವಿಗಳಿಗಾಗಿ ಯೋಚಿಸಿದ ಮುಳುಗು ಪಂಪು ಅಲ್ಲಿ ಮುನ್ನೂರು ಅಡಿ ಕೆಳಗೆ ಕೂತಿರುತ್ತದೆ. ಅದು ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ, ಹಾಗಾಗಿ ವಾತಾವರಣದ 9.3 ಮೀಟರಿನ ಕಟ್ಟಳೆ ಅದಕ್ಕೆ ಅನ್ವಯಿಸುವುದಿಲ್ಲ. ಆದರೆ ಎರಡಿಂಚು ನೀರಿನ ಕೊಳವೆಬಾವಿಯೂ ಸ್ಪ್ರಿಂಕ್ಲರ್ ಸಾಲಿಗೆ ನೇರವಾಗಿ ಸಾಕಾಗುವುದಿಲ್ಲ. ಆದ್ದರಿಂದ ಜನವರಿಯಿಂದಲೇ ಅದರ ನೀರನ್ನು ಹಗಲೂ ರಾತ್ರಿ ಕೆರೆಗೆ ಬಿಟ್ಟು ತುಂಬಿಸಿಕೊಳ್ಳುತ್ತಾರೆ. ಹೂವಿಗೆ ಹೊತ್ತಾದಾಗ ಕೆರೆಯಿಂದ ಎತ್ತುವುದು ದಂಡೆಯ ಹಳೆಯ ಪಂಪೇ, ಮತ್ತು ಅದು ನೀರಿನಿಂದ ಇಪ್ಪತ್ತು ಅಡಿಗಿಂತ ಮೇಲೆ ಕೂರುವ ಹಾಗಿಲ್ಲ.